ರುಥೇನಿಯಂ ಕ್ಲೋರೈಡ್ ಕೊಳ್ಳುವಾಗ ಪುಡಿಯ ತೂಕವಲ್ಲ, ಲೋಹದ ತೂಕ ಕೇಳಿ

ಪ್ರಶ್ನೆ: ಮಾಲೂರು ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಘಟಕವಿದೆ. ಪಂಚಾಯಿತಿ ಟ್ಯಾಂಕ್, ಹಾಸ್ಟೆಲ್, ಈಜುಕೊಳಗಳಿಗೆ ಹಾಕಿರುವ, ಉಪ್ಪುನೀರಿಗೆ ಕರೆಂಟು ಹಾಯಿಸಿ ಕ್ಲೋರಿನ್ ತಯಾರಿಸುವ ಎಲೆಕ್ಟ್ರೋ ಕ್ಲೋರಿನೇಟರ್‌ಗಳನ್ನು ರಿಪೇರಿ ಮಾಡುತ್ತೇವೆ. ಸವೆದ ಟೈಟಾನಿಯಂ ಪ್ಲೇಟುಗಳಿಗೆ ನಾವೇ ಮತ್ತೆ ರುಥೇನಿಯಂ ಲೇಪನ ಮಾಡೋಣ ಎಂದು ಹೊರಟಿದ್ದೇವೆ. ಮೊದಲ ಸಲ ‘ರುಥೇನಿಯಂ ಟ್ರೈಕ್ಲೋರೈಡ್ 99.9’ ಎಂದು ತರಿಸಿದ ಕಪ್ಪು ಪುಡಿ ಬ್ಯುಟನಾಲ್ ಎಂಬ ಆಲ್ಕೋಹಾಲ್‌ನಲ್ಲಿ ಕರಗಲೇ ಇಲ್ಲ. ಎರಡನೇ ಸಲದ್ದು ಕರಗಿತು, ಆದರೆ ಲೇಪನ ನಾಲ್ಕೇ ತಿಂಗಳಿಗೆ ಎದ್ದುಬಂತು. ಈಗ ಮೂರು ಕೊಟೇಶನ್ ಕೈಯಲ್ಲಿವೆ, ಮೂರರ ದರವೂ ಬೇರೆ. ನಮ್ಮದು 150 × 300 ಮಿ.ಮೀ. ಅಳತೆಯ, ಪ್ಲಸ್ ತುದಿಗೆ ಜೋಡಿಸುವ ಆರು ಪ್ಲೇಟು, ಅಂದರೆ ಆನೋಡ್‌ಗಳು. ಯಾವುದನ್ನು ಕೊಳ್ಳಬೇಕು, ಎಷ್ಟು ಬೇಕು, ಹೇಗೆ ಇಟ್ಟುಕೊಳ್ಳಬೇಕು?

ಉತ್ತರ: ನಿಮಗೆ ಎರಡು ಸಲ ಬಂದದ್ದು ಒಂದೇ ಹೆಸರಿನ ಎರಡು ಬೇರೆ ಪದಾರ್ಥಗಳು. ಲೇಬಲ್ ಮೇಲೆ ‘ಹೈಡ್ರೇಟ್’ (ನೀರಿನಂಶ ಸೇರಿದ ರೂಪ) ಎಂಬ ಪದ ಇದೆಯೋ ಇಲ್ಲವೋ ಎಂಬುದರ ಮೇಲೆ ನಿಮ್ಮ ದುಡ್ಡೆಲ್ಲ ನಿಂತಿದೆ.

ಮೊದಲ ಬಾಟಲಿಯಲ್ಲಿದ್ದದ್ದು ನೀರಿನಂಶವಿಲ್ಲದ, ಅಂದರೆ ಅನ್‌ಹೈಡ್ರಸ್ ಟ್ರೈಕ್ಲೋರೈಡ್. ಅದರ ಅಣುತೂಕ 207.4, ಅದರಲ್ಲಿ ಲೋಹ ಶೇ 48.7. ಕಾಗದದ ಮೇಲೆ ನೋಡಿದರೆ ಇದೇ ಲಾಭ ಅನ್ನಿಸುತ್ತದೆ, ಅಲ್ಲೇ ಮೋಸ ಹೋಗುವುದು. ಇದರ ಆಲ್ಫಾ ರೂಪದಲ್ಲಿ ರುಥೇನಿಯಂ ಮತ್ತು ಕ್ಲೋರಿನ್ ಪದರ ಪದರವಾಗಿ ಗಟ್ಟಿಯಾಗಿ ಹೆಣೆದುಕೊಂಡಿರುತ್ತವೆ. ನೀರಿಗಾಗಲಿ ಆಲ್ಕೋಹಾಲ್‌ಗಾಗಲಿ ಒಳಗೆ ನುಗ್ಗಲು ದಾರಿಯಿಲ್ಲ. ಕುದಿಸಿದರೂ ಅಷ್ಟೆ, ಒಂದಿಷ್ಟು ಆಸಿಡ್ ಸುರಿದರೂ ಅಷ್ಟೆ. ಕಾಂತೀಯ ಗುಣಗಳನ್ನು ಅಭ್ಯಾಸ ಮಾಡುವ ಭೌತವಿಜ್ಞಾನಿಗಳಿಗೆ ಇದು ಚಿನ್ನದಂಥ ವಸ್ತು, ಪ್ಲೇಟಿಗೆ ಬಳಿಯುವವರಿಗೆ ಬರೀ ಕಪ್ಪು ಮರಳು. ಬಾಟಲಿ ಇನ್ನೂ ಇದ್ದರೆ ಎಸೆಯಬೇಡಿ. ಒಳಗಿರುವ ಲೋಹಕ್ಕೆ ಬೆಲೆಯಿದೆ, ರಿಫೈನರಿಗಳು ಲೋಹದ ತೂಕಕ್ಕೆ ಬದಲಿ ಕೊಡುತ್ತವೆ.

ನಿಮಗೆ ಬೇಕಾದದ್ದು ರುಥೇನಿಯಂ ಕ್ಲೋರೈಡ್ ಹೈಡ್ರೇಟ್. ಕಡುಕಂದಿನಿಂದ ಕಪ್ಪಿನವರೆಗಿನ ಬಣ್ಣದ, ಹೊಳಪಿರುವ ಹರಳು ಅಥವಾ ಉಂಡೆಗಳು. ನೀರು, ಎಥನಾಲ್, ಬ್ಯುಟನಾಲ್, ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಎಲ್ಲದರಲ್ಲೂ ಕರಗುತ್ತದೆ, ದ್ರಾವಣ ಕಡು ಕೆಂಗಂದು. ಪುಸ್ತಕಗಳು ‘ಟ್ರೈಹೈಡ್ರೇಟ್’ ಎಂದು ಬರೆದು ಅಣುತೂಕ 261.5, ಲೋಹ ಶೇ 38.7 ಎಂದು ಕೊಡುತ್ತವೆ. ಅದನ್ನು ನಂಬಿ ಲೆಕ್ಕ ಹಾಕಬೇಡಿ. ನಿಜವಾದ ಮಾಲಿನಲ್ಲಿ ನೀರಿನ ಪ್ರಮಾಣ ಬ್ಯಾಚಿನಿಂದ ಬ್ಯಾಚಿಗೆ ಬದಲಾಗುತ್ತದೆ. ಅಷ್ಟೇ ಅಲ್ಲ, ಅದು ಶುದ್ಧವಾದ ಮೂರರ ವೇಲೆನ್ಸಿಯ ಕ್ಲೋರೈಡೂ ಅಲ್ಲ, ನಾಲ್ಕರ ವೇಲೆನ್ಸಿಯ ಆಕ್ಸಿ, ಹೈಡ್ರಾಕ್ಸಿ ಕ್ಲೋರೈಡುಗಳೂ ಅದರಲ್ಲಿ ಬೆರೆತಿರುತ್ತವೆ. ಹಾಗಾಗಿ ಒಳ್ಳೆಯ ತಯಾರಕರು ಸೂತ್ರದ ಮಾತಾಡುವುದಿಲ್ಲ, ‘ರುಥೇನಿಯಂ ಅಂಶ ಶೇ 38ರಿಂದ 42’ ಎಂದು ಬರೆದು, ಆ ಬ್ಯಾಚಿನ ನಿಖರ ಅಂಕಿಯನ್ನು ಸರ್ಟಿಫಿಕೇಟಿನಲ್ಲಿ ಕೊಡುತ್ತಾರೆ. ಇನ್ನು ಲೇಬಲ್ ಮೇಲಿನ 99.9 ಎಂಬುದು ಬೇರೆ ಲೋಹಗಳ ಕಲಬೆರಕೆ ಎಷ್ಟು ಕಡಿಮೆ ಎಂದು ಹೇಳುವ ಅಂಕಿ. ನೀರು ಎಷ್ಟಿದೆ ಎಂಬುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಈಗ ಕೊಟೇಶನ್‌ಗಳಿಗೆ ಬರೋಣ. ಪುಡಿಯ ಗ್ರಾಂ ದರವನ್ನು ಲೋಹದ ಅಂಶದಿಂದ ಭಾಗಿಸಿ, ಲೋಹದ ಗ್ರಾಂ ದರ ತೆಗೆಯಿರಿ. ಲೆಕ್ಕ ತೋರಿಸಲು ಮಾತ್ರ ಕಲ್ಪಿತ ಅಂಕಿಗಳನ್ನು ಇಟ್ಟುಕೊಳ್ಳೋಣ: ಒಬ್ಬರು ಗ್ರಾಂಗೆ 1,050 ರೂಪಾಯಿ ಕೇಳಿ ಲೋಹ ಶೇ 41.5 ಎನ್ನುತ್ತಾರೆ, ಇನ್ನೊಬ್ಬರು 980 ರೂಪಾಯಿ ಕೇಳಿ ಶೇ 36 ಎನ್ನುತ್ತಾರೆ. ಮೊದಲಿನವರದು ಲೋಹದ ಗ್ರಾಂಗೆ 2,530 ರೂಪಾಯಿ, ಎರಡನೆಯವರದು 2,722. ಅಗ್ಗವಾಗಿ ಕಂಡದ್ದೇ ದುಬಾರಿ. ನೆನೆದ ಬೆಲ್ಲವನ್ನು ತೂಕಕ್ಕೆ ಕೊಂಡ ಹಾಗೆ, ನೀರಿಗೂ ಲೋಹದ ದರ ತೆತ್ತಿರುತ್ತೀರಿ. ಮೂರನೇ ಕೊಟೇಶನ್‌ನಲ್ಲಿ ಲೋಹದ ಅಂಶವನ್ನೇ ಬರೆದಿಲ್ಲದಿದ್ದರೆ ಅದನ್ನು ಪಕ್ಕಕ್ಕಿಡಿ.

ದರ ಯಾಕೆ ಹೀಗೆ ಏರುಪೇರು ಎಂದರೆ, ರುಥೇನಿಯಂಗೆಂದೇ ಯಾರೂ ಗಣಿ ತೋಡುವುದಿಲ್ಲ. ಪ್ಲಾಟಿನಂ ತೆಗೆಯುವಾಗ ಜೊತೆಗೆ ಬರುವ ಲೋಹ ಇದು. ಬಹುಪಾಲು ದಕ್ಷಿಣ ಆಫ್ರಿಕಾದ ಬುಶ್‌ವೆಲ್ಡ್ ಗಣಿಗಳದ್ದು, ಉಳಿದದ್ದು ಮುಖ್ಯವಾಗಿ ಜಿಂಬಾಬ್ವೆ ಮತ್ತು ರಷ್ಯಾದ್ದು. ಇಡೀ ಜಗತ್ತಿನ ವರ್ಷದ ಹುಟ್ಟುವಳಿ 30 ಟನ್ನಿನ ಆಸುಪಾಸು, ಎರಡು ಲಾರಿ ಲೋಡು ಅಷ್ಟೆ. ಬೇಡಿಕೆ ಹೆಚ್ಚಿತೆಂದು ಗಣಿಯವರು ಉತ್ಪಾದನೆ ಹೆಚ್ಚಿಸಲಾರರು, ಅವರ ಕಣ್ಣು ಪ್ಲಾಟಿನಂ ದರದ ಮೇಲೆ. 2006–07ರಲ್ಲಿ ಹಾರ್ಡ್ ಡಿಸ್ಕ್ ತಯಾರಕರು ಒಮ್ಮೆಲೇ ಕೊಳ್ಳಲು ನಿಂತಾಗ ಬೆಲೆ ಹಲವು ಪಟ್ಟು ಜಿಗಿದಿತ್ತು. ಜಾನ್ಸನ್ ಮ್ಯಾಥಿ ಮೊದಲಾದ ದೊಡ್ಡ ರಿಫೈನರ್‌ಗಳು ದಿನದ ದರವನ್ನು ಟ್ರಾಯ್ ಔನ್ಸ್ ಲೆಕ್ಕದಲ್ಲಿ ಪ್ರಕಟಿಸುತ್ತಾರೆ. ಒಂದು ಟ್ರಾಯ್ ಔನ್ಸ್ ಎಂದರೆ 31.1 ಗ್ರಾಂ. ಆರ್ಡರ್ ಕೊಡುವ ದಿನ ಆ ದರ ನೋಡಿಕೊಂಡರೆ ನಿಮ್ಮ ಮಾರಾಟಗಾರ ಲೋಹದ ಬೆಲೆಯ ಮೇಲೆ ಎಷ್ಟು ಏರಿಸಿದ್ದಾನೆ ಎಂಬುದು ತಿಳಿಯುತ್ತದೆ. ಒಂದು ಗ್ರಾಂ, ಎರಡು ಗ್ರಾಂ ಲ್ಯಾಬ್ ಪ್ಯಾಕಿನಲ್ಲಿ ಆ ಏರಿಕೆ ಅತಿ ಹೆಚ್ಚು. 25 ಗ್ರಾಂ ಒಟ್ಟಿಗೆ ಕೊಂಡರೆ, ಅದರಲ್ಲೂ ಅಮೂಲ್ಯ ಲೋಹಗಳ ಲವಣವನ್ನೇ ತಯಾರಿಸುವವರಿಂದ ನೇರವಾಗಿ ಕೊಂಡರೆ, ಎಷ್ಟೋ ಇಳಿಯುತ್ತದೆ. ಕೊಟೇಶನ್‌ಗಳು ಒಂದೆರಡು ದಿನಕ್ಕಷ್ಟೇ ಊರ್ಜಿತ ಎಂದು ಬರೆದಿರುವುದು ಮಾರಾಟಗಾರನ ಬಿಗುಮಾನವಲ್ಲ, ಈ ವ್ಯಾಪಾರ ನಡೆಯುವುದೇ ಹಾಗೆ.

(ಕೋಲಾರದವರು ಕೇಳಿಯೇ ಕೇಳುತ್ತಾರೆ: ಕೆಜಿಎಫ್‌ನ ಸಯನೈಡ್ ದಿಬ್ಬಗಳಲ್ಲಿ ಇದು ಸಿಗುವುದಿಲ್ಲವೇ? ಇಲ್ಲ. 2001ರಲ್ಲಿ ಮುಚ್ಚಿದ ಆ ಗಣಿಯದು ಬೆಣಚುಕಲ್ಲಿನ ಎಳೆಯೊಳಗಿನ ಚಿನ್ನ. ಪ್ಲಾಟಿನಂ ಬಳಗದ ಲೋಹಗಳು ಕೂರುವುದು ಕ್ರೋಮೈಟ್, ನಿಕಲ್ ಸಲ್ಫೈಡ್ ಇರುವ ಬೇರೆಯೇ ಬಂಡೆಗಳಲ್ಲಿ.)

ನೇರವಾಗಿ ವಿದೇಶದಿಂದ ತರಿಸುವ ಯೋಚನೆಯಿದ್ದರೆ ಒಂದು ಮಾತು. ಇದು ಕಸ್ಟಮ್ಸ್ ಪಟ್ಟಿಯ 2843ನೇ ಶೀರ್ಷಿಕೆಯಡಿ ಬರುತ್ತದೆ. ರಾಸಾಯನಿಕದ ಹೆಸರಿನಲ್ಲಿ ಚಿನ್ನ ಒಳಗೆ ಬರುತ್ತಿದೆ ಎಂಬ ಕಾರಣಕ್ಕೆ 2025ರ ಜೂನ್‌ನಲ್ಲಿ ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ (ಡಿಜಿಎಫ್‌ಟಿ) ಈ ಶೀರ್ಷಿಕೆಯ ಆಮದನ್ನು ‘ನಿರ್ಬಂಧಿತ’ ಎಂದು ಸಾರಿತು. ಹಾಗೆಂದರೆ ಪರವಾನಗಿ ಬೇಕು. ಆಗಿನಿಂದ ಈಚೆಗಿನ ತಿದ್ದುಪಡಿಗಳನ್ನು ಕಸ್ಟಮ್ಸ್ ಏಜೆಂಟರ ಹತ್ತಿರ ಕೇಳಿಕೊಳ್ಳದೆ ಮುಂಗಡ ಕಳಿಸಬೇಡಿ. 25 ಗ್ರಾಂ ಮಾಲಿಗೆ ಆ ರಗಳೆ ಬೇಡವೇ ಬೇಡ, ದೇಶದೊಳಗೇ ತಯಾರಿಸುವವರಿದ್ದಾರೆ. ಸಾಗಣೆಯಲ್ಲಿ ಇದು ಕ್ಲಾಸ್ 8, ಅಂದರೆ ಕೊರೆಯುವ ವಸ್ತು. ಮಾಮೂಲಿ ಕೊರಿಯರ್ ಕವರಿನಲ್ಲಿ ಸುತ್ತಿ ಕಳಿಸುತ್ತೇನೆ ಎನ್ನುವವರಿಂದ ತರಿಸದಿರುವುದೇ ಲೇಸು.

ಆರ್ಡರ್ ಪತ್ರದಲ್ಲಿ ಹೀಗೆ ಬರೆಯಿರಿ: ರುಥೇನಿಯಂ ಕ್ಲೋರೈಡ್ ಹೈಡ್ರೇಟ್, ಘನರೂಪ, ರುಥೇನಿಯಂ ಅಂಶ ಕನಿಷ್ಠ ಶೇ 38, ಬ್ಯಾಚಿನ ವಿಶ್ಲೇಷಣಾ ಪತ್ರದೊಂದಿಗೆ, ಬೆಲೆ ಅದರಲ್ಲಿರುವ ಲೋಹದ ಗ್ರಾಂ ಲೆಕ್ಕದಲ್ಲಿ. ಕಬ್ಬಿಣ, ಸೋಡಿಯಂ, ಪೊಟ್ಯಾಸಿಯಂ ಮತ್ತು ಕರಗದೆ ಉಳಿಯುವ ಅಂಶ ಎಷ್ಟು ಎಂದೂ ಕೇಳಿ. ಬಂದ ಮಾಲಿನ ಮೇಲೆ ಅನುಮಾನ ಬಂದರೆ ಬೆಂಗಳೂರಿನಲ್ಲಿ ಎನ್‌ಎಬಿಎಲ್ (ಪ್ರಯೋಗಾಲಯಗಳ ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆಯ ಲ್ಯಾಬ್‌ಗಳಿವೆ. ಲೋಹದ ಅಂಶ ಅಳೆಯುವ ಐಸಿಪಿ ಪರೀಕ್ಷೆಗೆ ಅರ್ಧ ಗ್ರಾಮೂ ಬೇಕಾಗದು. ಹಿಂದಿನವರ ಪದ್ಧತಿಯಾದ, ಹೈಡ್ರೋಜನ್ ಹರಿಸಿ ಕಾಯಿಸಿ ಉಳಿದ ಲೋಹ ತೂಗುವುದನ್ನು ವರ್ಕ್‌ಶಾಪಿನಲ್ಲಿ ಮಾತ್ರ ಮಾಡಬೇಡಿ.

ಕೆಲವರು ಆಮ್ಲದಲ್ಲಿ ಕರಗಿಸಿದ ರೆಡಿಮೇಡ್ ದ್ರಾವಣ ಕೊಡಲು ಬರುತ್ತಾರೆ. ವಸ್ತು ಒಳ್ಳೆಯದೇ, ತೇವದ ಕಾಟವೂ ಇಲ್ಲ. ಆದರೆ ಅದರಲ್ಲಿ ನೀರಿದೆ. ನೀವು ಜೊತೆಗೆ ಬಳಸುವ ಟೈಟಾನಿಯಂ ಬ್ಯುಟಾಕ್ಸೈಡ್ (ಲೇಪನಕ್ಕೆ ಟೈಟಾನಿಯಂ ಒದಗಿಸುವ ದ್ರವ) ನೀರು ಕಂಡರೆ ಮೊಸರೊಡೆದ ಹಾಗೆ ಬಿಳಿ ಗಡ್ಡೆ ಕಟ್ಟುತ್ತದೆ. ನಿಮ್ಮ ವಿಧಾನಕ್ಕೆ ಘನರೂಪವೇ ಸರಿ.

ಇಟ್ಟುಕೊಳ್ಳುವ ಬಗೆ. ಈ ಪುಡಿ ಗಾಳಿಯ ತೇವವನ್ನು ಎಳೆದುಕೊಂಡು ಮೊದಲು ಅಂಟಾಗುತ್ತದೆ, ಆಮೇಲೆ ರಾಡಿಯಾಗುತ್ತದೆ. 10 ಗ್ರಾಂ ಬಾಟಲಿ ಅರ್ಧ ಗ್ರಾಂ ತೇವ ಕುಡಿದರೆ ಶೇ 40 ಇದ್ದ ಲೋಹದ ಅಂಶ 38.1ಕ್ಕೆ ಇಳಿಯುತ್ತದೆ. ಲೋಹ ಎಲ್ಲೂ ಹೋಗಿಲ್ಲ, ನಿಮ್ಮ ತೂಕದ ಲೆಕ್ಕ ಮಾತ್ರ ಕೆಟ್ಟಿತು. ಟೆಫ್ಲಾನ್ ಒಳಪದರದ ಮುಚ್ಚಳವಿರುವ ಗಾಜಿನ ಬಾಟಲಿ, ಅದನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯೊಳಗೆ ಇಡಿ. ಇದಕ್ಕಿಂತ ಜಾಣತನದ ದಾರಿ: ನಿಮ್ಮ ಕೆಲಸಕ್ಕೆ ಎಷ್ಟು ಬೇಕೋ ಅಷ್ಟರ ಬಾಟಲಿಗಳಾಗಿ ಪ್ಯಾಕ್ ಮಾಡಿಸಿ ತರಿಸಿ, ಬಾಟಲಿ ತೆರೆದ ದಿನ ಪೂರ್ತಿ ಕರಗಿಸಿಬಿಡಿ. ಬಾಟಲಿಯನ್ನೂ ಬ್ಯುಟನಾಲ್‌ನಿಂದ ಎರಡು ಸಲ ತೊಳೆದು ಅದೇ ದ್ರಾವಣಕ್ಕೆ ಸೇರಿಸಿ. ಪ್ಯಾಕ್ ಮಾಡುವಾಗ ಎಷ್ಟು ಲೋಹ ಇತ್ತೋ ಅಷ್ಟೂ ದ್ರಾವಣದಲ್ಲಿರುತ್ತದೆ, ಮಧ್ಯೆ ತೇವ ಹೊಕ್ಕಿದ್ದರೂ ಚಿಂತೆಯಿಲ್ಲ. ತೂಗುವುದಾದರೆ 0.01 ಗ್ರಾಂ ತೋರಿಸುವ ತಕ್ಕಡಿ, ಚಿನ್ನದಂಗಡಿಯಲ್ಲಿ ಇಡುವಂಥದ್ದು, ಸಾಕು. ಸ್ಟೀಲ್ ಚಮಚ ಮಾತ್ರ ಬೇಡ, ಆಮ್ಲೀಯ ಪುಡಿ ಅದನ್ನು ತಿಂದು ಕಬ್ಬಿಣ ಬೆರೆಸುತ್ತದೆ. ಪ್ಲಾಸ್ಟಿಕ್ ಅಥವಾ ಪಿಂಗಾಣಿ ಚಮಚ ಬಳಸಿ.

ಎಷ್ಟು ಬೇಕು? ಒಂದು ಪ್ಲೇಟಿನ ಎರಡೂ ಮುಖ ಸೇರಿ 0.09 ಚದರ ಮೀಟರ್, ಆರಕ್ಕೆ 0.54. ಚದರ ಮೀಟರಿಗೆ 10 ಗ್ರಾಂ ರುಥೇನಿಯಂ ಕೂರಬೇಕು ಎಂದು ಇಟ್ಟುಕೊಂಡರೆ 5.4 ಗ್ರಾಂ ಲೋಹ. ಬ್ರಷ್ಷು, ಬೀಕರು, ಅಂಚಿನ ತೊಟ್ಟು ಎಂದು ಶೇ 15 ವ್ಯರ್ಥವಾದೀತು, ಆದ್ದರಿಂದ 6.35 ಗ್ರಾಂ. ಶೇ 40 ಇರುವ ಪುಡಿಯಾದರೆ 15.9 ಗ್ರಾಂ, ಶೇ 36ರದಾದರೆ 17.6 ಗ್ರಾಂ. ಇಷ್ಟೇ.

ಬಳಿದ ಕ್ಲೋರೈಡ್ ಸುಟ್ಟಾಗ ಆಕ್ಸೈಡ್ ಆಗುತ್ತದೆ, ಆದರೆ ಲೇಪನಕ್ಕೆ ಬರೀ ರುಥೇನಿಯಂ ಆಕ್ಸೈಡ್ ಸಾಲದು. 1960ರ ದಶಕದಲ್ಲಿ ಹೆನ್ರಿ ಬೀರ್ ಕಂಡುಹಿಡಿದು, ಇಟಲಿಯ ಡಿ ನೋರಾ ಕಂಪನಿ ಜಗತ್ತಿಗೆಲ್ಲ ಹಬ್ಬಿಸಿದ ಆನೋಡ್‌ನ ಗುಟ್ಟು ಮಿಶ್ರಣದಲ್ಲಿದೆ: ಅಣುಗಳ ಲೆಕ್ಕದಲ್ಲಿ 30 ಪಾಲು ರುಥೇನಿಯಂ, 70 ಪಾಲು ಟೈಟಾನಿಯಂ. ಎರಡೂ ಆಕ್ಸೈಡುಗಳ ಹರಳಿನ ಕಟ್ಟು ಒಂದೇ ಬಗೆಯದು. ಹಾಗಾಗಿ ಅವು ಒಂದರೊಳಗೊಂದು ಬೆರೆತು ಕೆಳಗಿನ ಟೈಟಾನಿಯಂ ತಗಡನ್ನು ಹಿಡಿದುಕೊಳ್ಳುತ್ತವೆ. ಮೇಲಿನ 6.35 ಗ್ರಾಂ ಲೋಹಕ್ಕೆ ಟೈಟಾನಿಯಂ ಬ್ಯುಟಾಕ್ಸೈಡ್ 50 ಗ್ರಾಂ ಬೇಕಾಗುತ್ತದೆ. ಸುಮಾರು 220 ಮಿ.ಲೀ. ಒಣ ಬ್ಯುಟನಾಲ್‌ಗೆ 6.5 ಮಿ.ಲೀ. ಸಾರೀಕೃತ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ, ಪುಡಿಯನ್ನು ಪೂರ್ತಿ ಕರಗಿಸಿ. ಒಂದೆರಡು ಗಂಟೆ ಕದಡುತ್ತಿರಬೇಕು. ಬೆಳಕಿಗೆ ಓರೆ ಹಿಡಿದಾಗ ಗಾಜಿನ ಗೋಡೆಯಲ್ಲಿ ಕಣ ಕಾಣಬಾರದು. ಆಮೇಲೆ ಬ್ಯುಟಾಕ್ಸೈಡನ್ನು ತೊಟ್ಟು ತೊಟ್ಟಾಗಿ, ಕದಡುತ್ತಾ ಬಿಡಿ. ಒಟ್ಟು 300 ಮಿ.ಲೀ. ಆಗುವಷ್ಟು ಬ್ಯುಟನಾಲ್ ಸೇರಿಸಿ. ಬಿಳಿ ಮೋಡ ಕಂಡರೆ ನೀರು ಸೇರಿದೆ ಎಂದರ್ಥ. ಆ ದ್ರಾವಣವನ್ನು ಬಳಿದರೆ ಲೇಪನ ಪುಡಿಪುಡಿಯಾಗುತ್ತದೆ.

ನಿಮ್ಮ ಲೇಪನ ನಾಲ್ಕೇ ತಿಂಗಳಿಗೆ ಎದ್ದದ್ದಕ್ಕೆ ಪುಡಿಯನ್ನು ದೂರುವ ಮೊದಲು ಪ್ಲೇಟನ್ನು ಕೈಯಲ್ಲಿ ಹಿಡಿದು ಬಿಸಿಲಿನಲ್ಲಿ ನೋಡಿ. ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು. ಕಪ್ಪು ಪೊರೆ ಚಕ್ಕೆ ಚಕ್ಕೆಯಾಗಿ ಎದ್ದು, ಅಡಿಯಲ್ಲಿ ನಯವಾದ ಬೂದು ಅಥವಾ ನೀಲಿ ಛಾಯೆಯ ತಗಡು ಕಂಡರೆ ತಪ್ಪು ತಯಾರಿಯದು: ತಗಡನ್ನು ಸರಿಯಾಗಿ ಒರಟು ಮಾಡಿಲ್ಲ. ಪೊರೆ ಎಲ್ಲ ಕಡೆ ಸಮವಾಗಿ ತೆಳುವಾಗಿ ಮಾಸಿದ್ದರೆ ಉಪ್ಪು ಕಡಿಮೆಯಿದ್ದು ಕ್ಲೋರಿನ್ ಬದಲು ಆಮ್ಲಜನಕ ಹುಟ್ಟಿದೆ, ಅದು ರುಥೇನಿಯಂ ಆಕ್ಸೈಡನ್ನು ಕರಗಿಸಿಕೊಂಡು ಹೋಗುತ್ತದೆ. ನೀರು ತುಂಬಾ ತಣ್ಣಗಿದ್ದರೂ ಇದೇ ಆಗುತ್ತದೆ. ಡಿಸೆಂಬರ್, ಜನವರಿಯ ಮುಂಜಾನೆ ಮಾಲೂರಿನ ಓವರ್‌ಹೆಡ್ ಟ್ಯಾಂಕಿನ ನೀರು 15 ಡಿಗ್ರಿಯ ಹತ್ತಿರಕ್ಕೆ ಇಳಿದಿದ್ದರೆ ಸ್ವಲ್ಪ ಬಿಸಿಲೇರಿದ ಮೇಲೆ ಯಂತ್ರ ಚಾಲೂ ಮಾಡುವುದು ವಾಸಿ. ಪೊರೆ ಹಾಗೇ ಇದ್ದು ಅದರ ಮೇಲೆ ಗಟ್ಟಿ ಕಂದುಗಪ್ಪು ಪದರ ಕೂತು ವೋಲ್ಟೇಜ್ ಏರಿದ್ದರೆ ಅದು ನೀರಿನ ಮ್ಯಾಂಗನೀಸ್. ಇನ್ನು ಸೂಜಿ ಚುಚ್ಚಿದಂತೆ ಸಣ್ಣ ಸಣ್ಣ ಗುಳಿಗಳು ಬಿದ್ದು, ಗುಳಿಯ ಸುತ್ತ ಪೊರೆ ಎದ್ದಿದ್ದರೆ ನಮ್ಮ ಕಡೆ ಮೊದಲು ಅನುಮಾನಿಸಬೇಕಾದದ್ದು ಫ್ಲೋರೈಡ್.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಬೇರೆ ಊರಿನ ತಯಾರಕರ ಕೈಪಿಡಿಯಲ್ಲಿ ಇದು ಒಂದೇ ಸಾಲಿನಲ್ಲಿ ಮುಗಿದಿರುತ್ತದೆ. ಟೈಟಾನಿಯಂ ಬಾಳುವುದು ತನ್ನ ಮೈಮೇಲೆ ತಾನೇ ಕಟ್ಟಿಕೊಳ್ಳುವ ಆಕ್ಸೈಡ್ ಪೊರೆಯಿಂದ. ಕ್ಲೋರಿನ್, ಉಪ್ಪು ಯಾವುದಕ್ಕೂ ಬಗ್ಗದ ಆ ಪೊರೆ, ಆಮ್ಲದ ಜೊತೆ ಫ್ಲೋರೈಡ್ ಸೇರಿದರೆ ಕರಗುತ್ತದೆ. ಸೆಲ್ಲಿನ (ಪ್ಲೇಟುಗಳಿರುವ ತೊಟ್ಟಿಯ) ನೀರು ಒಟ್ಟಾರೆ ಕ್ಷಾರೀಯವಾಗಿದ್ದರೂ ಆನೋಡ್‌ನ ಮೈಗೆ ತಾಗಿದ ತೆಳು ಪದರ ಸದಾ ಆಮ್ಲೀಯ. ಲೇಪನದಲ್ಲಿ ಒಣಗಿದ ಕೆರೆಯಂಗಳದಂತೆ ಕಣ್ಣಿಗೆ ಕಾಣದ ಬಿರುಕುಗಳು ಯಾವಾಗಲೂ ಇರುತ್ತವೆ. ಆ ಬಿರುಕಿನೊಳಗಿಂದ ಫ್ಲೋರೈಡ್ ತಗಡಿಗೆ ತಲುಪಿ ಅಡಿಪಾಯವನ್ನೇ ಕೊರೆಯುತ್ತದೆ. ಲೇಪನ ಗಟ್ಟಿಯಾಗಿಯೇ ಇರುತ್ತದೆ, ಕೂರಲು ನೆಲ ಇರುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಫ್ಲೋರೈಡ್‌ನ ಒಪ್ಪಿತ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5. ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಆಳದ ಬೋರ್‌ವೆಲ್‌ಗಳು, ಪಾವಗಡದ ಕಡೆಯವೂ, ಇದನ್ನು ದಾಟುತ್ತವೆ. ಸೆಲ್ಲಿಗೆ ಹೋಗುವ ಉಪ್ಪುನೀರಿನಲ್ಲಿ (ಬ್ರೈನ್) 1 ಪಿಪಿಎಂ, ಅಂದರೆ ಲೀಟರಿಗೆ 1 ಮಿಲಿಗ್ರಾಂ ಒಳಗೇ ಇಟ್ಟುಕೊಳ್ಳಿ.

ಇಲ್ಲಿ ಬಹಳ ಜನ ಎಡವುವುದು ಸಾಫ್ಟ್‌ನರ್ ವಿಷಯದಲ್ಲಿ. ‘ಸಾಫ್ಟ್‌ನರ್ ಹಾಕಿದ್ದೇವೆ, ನೀರು ಸರಿಯಿದೆ’ ಎನ್ನುತ್ತಾರೆ. ಸಾಫ್ಟ್‌ನರ್ ತೆಗೆಯುವುದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ, ಫ್ಲೋರೈಡನ್ನು ಮುಟ್ಟುವುದೂ ಇಲ್ಲ. ಅದಕ್ಕೆ ಆರ್‌ಒ ಬೇಕು. ಉಪ್ಪು ಕರಗಿಸುವ ನೀರಿಗಷ್ಟೇ ಒಂದು ಸಣ್ಣ ಆರ್‌ಒ ಹಾಕಿಸಿದರೆ ಸಾಕು, ಟ್ಯಾಂಕಿನ ನೀರಿಗೆಲ್ಲ ಬೇಡ. ಯಂತ್ರ ಇರುವ ಊರಿನ ಬೋರ್‌ವೆಲ್ ನೀರನ್ನು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯದಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ, ಫ್ಲೋರೈಡ್ ಮತ್ತು ಮ್ಯಾಂಗನೀಸ್ ಎರಡನ್ನೂ ಕೇಳಿ. ಗಡಸುತನದ ಬಿಳಿ ಹೆಪ್ಪು ಕಟ್ಟುವುದು ಕ್ಯಾಥೋಡ್ (ಮೈನಸ್ ತುದಿಯ ಪ್ಲೇಟು) ಮೇಲೆ. ಅದು ಲೇಪನವನ್ನು ನೇರವಾಗಿ ತಿನ್ನುವುದಿಲ್ಲ, ಆದರೆ ಪ್ಲೇಟುಗಳ ನಡುವಿನ ಸಂದು ಮುಚ್ಚಿ ಕರೆಂಟು ಉಳಿದ ಜಾಗಕ್ಕೆ ನುಗ್ಗುವಂತೆ ಮಾಡುತ್ತದೆ. ಶೇ 5ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆಯಿರಿ, ತೊಳೆಯುವ ಮುನ್ನ ಸೆಲ್ಲಿನ ಹೈಪೋ (ಸೋಡಿಯಂ ಹೈಪೋಕ್ಲೋರೈಟ್) ದ್ರಾವಣವನ್ನು ಪೂರ್ತಿ ಬಸಿದು ನೀರು ಹಾಯಿಸಿ. ಹೈಪೋಗೆ ಆಮ್ಲ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ಟೈಲ್ಸ್ ಕ್ಲೀನರ್, ತುಕ್ಕು ತೆಗೆಯುವ ದ್ರಾವಣ ಬೇಡವೇ ಬೇಡ, ಅವುಗಳಲ್ಲಿ ಎಷ್ಟೋ ಬಾರಿ ಫ್ಲೋರೈಡ್ ಇರುತ್ತದೆ. ಪ್ಲಸ್, ಮೈನಸ್ ಅದಲುಬದಲು ಮಾಡಿ ಹೆಪ್ಪು ಉದುರಿಸುವ ಅಭ್ಯಾಸ ಕೆಲವು ಕಡೆ ಇದೆ. ಈ ಲೇಪನಕ್ಕೆ ಅದು ಆಯುಷ್ಯ ಕಳೆಯುವ ಕೆಲಸ.

ತಯಾರಿಗೆ ಬರೋಣ. ತಗಡು ಗ್ರೇಡ್ 1 ಅಥವಾ 2 ಆಗಿರಬೇಕು. ಹಳೆಯ ಲೇಪನವನ್ನು ಅಲ್ಯೂಮಿನಾ ಗ್ರಿಟ್‌ನಿಂದ ಬ್ಲಾಸ್ಟ್ ಮಾಡಿ. ಸ್ಟೀಲ್ ಗ್ರಿಟ್ ಆದರೆ ಕಬ್ಬಿಣದ ಕಣ ತಗಡಿನೊಳಗೆ ಹೂತು ಉಳಿಯುತ್ತದೆ. ಸೋಪು, ಕಾಸ್ಟಿಕ್‌ನಿಂದ ಜಿಡ್ಡು ತೆಗೆದು, ಶೇ 10ರ ಆಕ್ಸಾಲಿಕ್ ಆಮ್ಲದಲ್ಲಿ ಒಂದರಿಂದ ಎರಡು ಗಂಟೆ ಕುದಿಸಿ. ತೆಗೆದಾಗ ಮೈ ಎಲ್ಲ ಕಡೆ ಒಂದೇ ತೆರನಾದ ಮಂದ ಬೂದು ಬಣ್ಣವಿರಬೇಕು, ಬೆರಳಿಗೆ ಹೊಸ ಸ್ಲೇಟಿನ ಹಾಗೆ ಒರಟು ತಾಗಬೇಕು. ಬೆರಳು ಮುಟ್ಟಿಸುವುದು ಅಂಚಿಗೆ ಮಾತ್ರ, ಕೈಗವಸಿನೊಂದಿಗೆ. ಡಿಸ್ಟಿಲ್ಡ್ ನೀರು ಸುರಿದರೆ ಹಾಳೆಯಂತೆ ಹರಡಿಕೊಂಡು ಇಳಿಯಬೇಕು. ಹನಿ ಹನಿಯಾಗಿ ಒಡೆದರೆ ಜಿಡ್ಡು ಉಳಿದಿದೆ, ಮತ್ತೆ ಮೊದಲಿನಿಂದ. ಅದೇ ದಿನ ಲೇಪನ ಶುರುವಾಗಬೇಕು.

ಬ್ರಷ್ಷಿಗೆ ಲೋಹದ ಪಟ್ಟಿ ಇರಕೂಡದು. ಆಮ್ಲ ಆ ಪಟ್ಟಿಯನ್ನು ಕರಗಿಸಿ ದ್ರಾವಣಕ್ಕೆ ಇಳಿಸುತ್ತದೆ, ಎಷ್ಟೋ ಜನರ ಲೇಪನ ಕೆಡುವುದು ಈ ಎರಡು ರೂಪಾಯಿ ಪಟ್ಟಿಯಿಂದ. ಒಂದು ಕೋಟ್‌ಗೆ (ಒಂದು ಸಲ ಬಳಿಯಲು) ಆರು ಪ್ಲೇಟಿಗೂ ಸೇರಿ ಸುಮಾರು 20 ಮಿ.ಲೀ. ದ್ರಾವಣ, ಒಟ್ಟು ಹನ್ನೆರಡು ಕೋಟು. ಬಳಿಯಿರಿ, ತೊಟ್ಟಿಕ್ಕುವುದನ್ನು ಒರೆಸಿ, 80ರಿಂದ 100 ಡಿಗ್ರಿಯಲ್ಲಿ ಹತ್ತು ನಿಮಿಷ ಒಣಗಿಸಿ, 450 ಡಿಗ್ರಿಯ ಮುಚ್ಚಿದ ಕುಲುಮೆ, ಅಂದರೆ ಮಫಲ್ ಫರ್ನೇಸ್‌ನಲ್ಲಿ ಹತ್ತು ನಿಮಿಷ ಸುಡಿ, ಆರಿಸಿ, ಮತ್ತೆ ಬಳಿಯಿರಿ. ಕೊನೆಯ ಕೋಟಿನ ನಂತರ ಒಂದು ಗಂಟೆ ಸುಡಬೇಕು. ಬೇಗ ಮುಗಿಸುವ ಆಸೆಗೆ ನಾಲ್ಕೇ ದಪ್ಪ ಕೋಟು ಹಾಕಿದರೆ ಬಿರುಕು ಅಗಲವಾಗಿ ಮೊದಲ ವಾರದಲ್ಲೇ ಮಸಿಯಂತೆ ಉದುರುತ್ತದೆ. ಉಷ್ಣತೆ 400ಕ್ಕಿಂತ ಕೆಳಗಾದರೆ ಕ್ಲೋರೈಡ್ ಒಳಗೇ ಉಳಿದು ಪೊರೆ ನೀರಲ್ಲಿ ಕರಗತೊಡಗುತ್ತದೆ. 500 ದಾಟಿಸಿದರೆ ತಗಡಿಗೂ ಲೇಪನಕ್ಕೂ ನಡುವೆ ಕರೆಂಟು ಹಾಯದ ಟೈಟಾನಿಯಂ ಆಕ್ಸೈಡ್ ಬೆಳೆದು ವೋಲ್ಟೇಜ್ ಏರುತ್ತದೆ. ಫರ್ನೇಸಿನ ಮೀಟರ್ ನಂಬದೆ ಪ್ಲೇಟಿನ ಪಕ್ಕದಲ್ಲೇ ಶಾಖ ಅಳೆಯುವ ಒಂದು ಥರ್ಮೋಕಪಲ್ ಇಡಿ. ಬಾಗಿಲ ಹತ್ತಿರಕ್ಕೂ ಹಿಂಭಾಗಕ್ಕೂ 30 ಡಿಗ್ರಿ ವ್ಯತ್ಯಾಸವಿದ್ದರೆ ಅದೂ ಸಾಮಾನ್ಯವೇ. ಸುಡುವಾಗ ಬರುವ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್, ಕ್ಲೋರಿನ್ ಇರುತ್ತವೆ. ಎಕ್ಸಾಸ್ಟ್ ಇಲ್ಲದ ಕೋಣೆಯಲ್ಲಿ ಇದನ್ನು ಮಾಡಬಾರದು. ಬ್ಯುಟನಾಲ್ ಪೂರ್ತಿ ಒಣಗದ ಪ್ಲೇಟನ್ನು ಫರ್ನೇಸಿಗೆ ಇಟ್ಟರೆ ಬೆಂಕಿ ಹತ್ತುತ್ತದೆ.

ಸಾಕಷ್ಟು ಕೂತಿದೆಯೇ ಎಂಬುದನ್ನು ತಕ್ಕಡಿ ಹೇಳುತ್ತದೆ. 30:70 ಮಿಶ್ರಣದ ಆಕ್ಸೈಡಿನಲ್ಲಿ ತೂಕದ ಲೆಕ್ಕದಲ್ಲಿ ಶೇ 31.6 ರುಥೇನಿಯಂ. ಅಂದರೆ ಚದರ ಮೀಟರಿಗೆ 10 ಗ್ರಾಂ ಲೋಹ ಎಂದರೆ ಸುಮಾರು 31.6 ಗ್ರಾಂ ಆಕ್ಸೈಡ್, ನಿಮ್ಮ ಒಂದು ಪ್ಲೇಟಿಗೆ 2.85 ಗ್ರಾಂ ತೂಕ ಏರಬೇಕು. ಮೊದಲೂ ಕೊನೆಗೂ ತೂಗಿ, ನಡುವೆ ಎರಡು ಕೋಟ್‌ಗೊಮ್ಮೆ ತೂಗಿ ಬರೆದಿಡಿ. ಹನ್ನೆರಡು ಕೋಟಿನ ಬಳಿಕವೂ 2 ಗ್ರಾಂ ದಾಟಿಲ್ಲವೆಂದರೆ ಒಂದೋ ನಿಮ್ಮ ಪುಡಿಯಲ್ಲಿ ಹೇಳಿದಷ್ಟು ಲೋಹವಿಲ್ಲ, ಇಲ್ಲವೇ ಬಳಿದದ್ದು ತೀರಾ ತೆಳು. ಎಷ್ಟು ಮಿ.ಲೀ. ಖರ್ಚಾಯಿತು ಎಂಬುದನ್ನು ನೋಡಿದರೆ ಯಾವುದು ಎಂದು ಗೊತ್ತಾಗುತ್ತದೆ. ಆರನ್ನೂ ಒಟ್ಟಿಗೆ ಹಿಡಿಯದೆ ಮೊದಲು ಒಂದೇ ಪ್ಲೇಟನ್ನು ಪೂರ್ತಿ ಮಾಡಿ, ಪಾರದರ್ಶಕ ಟೇಪ್ ಒತ್ತಿ ಸರ್ರನೆ ಎಳೆದು ನೋಡಿ. ಟೇಪಿಗೆ ತೆಳು ಬೂದು ಗುರುತು ಬಂದರೆ ಪರವಾಗಿಲ್ಲ, ಕಪ್ಪು ಚಕ್ಕೆ ಬಂದರೆ ಉಳಿದ ಐದನ್ನು ಮುಟ್ಟಬೇಡಿ.

ಸೆಲ್ ಜೋಡಿಸಿದ ಮೇಲೆ ಉಪ್ಪಿನ ಸಾಂದ್ರತೆ ಶೇ 2.5ರಿಂದ 3, ಕರೆಂಟು ಚದರ ಮೀಟರಿಗೆ 1,000ದಿಂದ 2,000 ಆಂಪಿಯರ್ ಮಿತಿಯಲ್ಲಿರಲಿ. ಮೊದಲ ದಿನದ ವೋಲ್ಟೇಜ್, ಆಂಪಿಯರ್, ನೀರಿನ ಉಷ್ಣತೆ ಮೂರನ್ನೂ ಯಂತ್ರದ ಬಾಗಿಲ ಒಳಮೈಗೆ ಬರೆದು ಅಂಟಿಸಿ. ಆರು ತಿಂಗಳ ಮೇಲೆ ಅದೇ ಆಂಪಿಯರಿಗೆ ವೋಲ್ಟೇಜ್ ಎಷ್ಟು ಏರಿದೆ ಎಂಬುದು ಲೇಪನದ ನಾಡಿ.

ಇನ್ನು ಒಂದು ಅಪಾಯ, ನಿಮ್ಮಂಥ ವರ್ಕ್‌ಶಾಪಿಗೇ ಹೇಳಿ ಮಾಡಿಸಿದ್ದು. ರುಥೇನಿಯಂ ದ್ರಾವಣ ಚೆಲ್ಲಿದರೆ ಹೈಪೋಕ್ಲೋರೈಟ್‌ನಿಂದ ಒರೆಸಬೇಡಿ, ತೊಳೆದ ನೀರನ್ನು ಹೈಪೋ ಡ್ರಮ್ಮಿಗೆ ಸುರಿಯಬೇಡಿ. ಹೈಪೋದಂಥ ಬಲವಾದ ಆಕ್ಸಿಡೈಜರ್ ಸಿಕ್ಕರೆ ರುಥೇನಿಯಂ ಟೆಟ್ರಾಕ್ಸೈಡ್ ಆಗುತ್ತದೆ. ಹಳದಿ ಬಣ್ಣ, ಓಜೋನ್‌ನಂಥ ಘಾಟು, ಸುಮಾರು 25 ಡಿಗ್ರಿಗೇ ಕರಗುವ, ಕೋಣೆಯ ಶಾಖಕ್ಕೇ ಆವಿಯಾಗುವ ವಿಷ. ಕಣ್ಣು, ಶ್ವಾಸನಾಳವನ್ನು ಸುಡುತ್ತದೆ, ಚರ್ಮಕ್ಕೆ ತಾಗಿದರೆ ಕಪ್ಪು ಕಲೆ. ನಿಮ್ಮಲ್ಲಿ ಹೈಪೋ ಸದಾ ಇರುವುದರಿಂದ ಲೇಪನದ ಮೇಜನ್ನು ಬೇರೆಯೇ ಕೋಣೆಯಲ್ಲಿಡಿ. ಚೆಲ್ಲಿದ್ದನ್ನು ಬಟ್ಟೆಯಿಂದ ಹೀರಿಸಿ, ಜಾಗವನ್ನು ಸೋಡಿಯಂ ಥಯೋಸಲ್ಫೇಟ್ ದ್ರಾವಣದಿಂದ ಒರೆಸಿ, ಆಮೇಲೆ ನೀರು. ತೊಳೆದ ನೀರಿಗೆ ಅಡಿಗೆ ಸೋಡಾ ಸ್ವಲ್ಪ ಸ್ವಲ್ಪವಾಗಿ ಹಾಕಿದರೆ ನೊರೆಯೆದ್ದು ಕಪ್ಪು ಗಸಿ ಕೂರುತ್ತದೆ. ಸೋಸಿ ಒಣಗಿಸಿ ಬಾಟಲಿಯಲ್ಲಿಡಿ, ಅದರಲ್ಲೂ ನೀವು ದುಡ್ಡು ಕೊಟ್ಟ ಲೋಹವಿದೆ. ನೈಟ್ರೈಲ್ ಗ್ಲೌಸ್, ಕನ್ನಡಕ ಇಲ್ಲದೆ ಬಾಟಲಿ ತೆರೆಯಬಾರದು. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ನೀರು ಹಾಯಿಸಿ ಆಸ್ಪತ್ರೆಗೆ.

ಬ್ಲಾಸ್ಟ್ ಮಾಡಿದ ಹಳೆಯ ಲೇಪನದ ಪುಡಿಯನ್ನೂ ಗುಡಿಸಿ ಹೊರಗೆ ಹಾಕಬೇಡಿ. ಮನೆಯಲ್ಲೇ ಲೋಹ ತೆಗೆಯುತ್ತೇವೆ ಎಂದು ರಾಜದ್ರವದಲ್ಲಿ ಹಾಕುವವರಿದ್ದಾರೆ. ಚಿನ್ನ ಕರಗುವ ರಾಜದ್ರವಕ್ಕೆ ರುಥೇನಿಯಂ ಆಕ್ಸೈಡ್ ಬಗ್ಗುವುದಿಲ್ಲ. ಅದನ್ನು ಬಿಡಿಸಲು ಕಾಸ್ಟಿಕ್ ಪೊಟ್ಯಾಶ್ ಮತ್ತು ನೈಟ್ರೇಟ್ ಜೊತೆ ಕರಗಿಸಿ, ಮೇಲೆ ಹೇಳಿದ ಅದೇ ವಿಷದ ಆವಿಯನ್ನು ಬಟ್ಟಿ ಇಳಿಸಬೇಕು. ಅದು ರಿಫೈನರಿಯ ಕೆಲಸ. ಪುಡಿಯನ್ನು ಮುಚ್ಚಿದ ಡಬ್ಬಿಯಲ್ಲಿ ಕೂಡಿಡಿ. ಹಳೆಯ ಪ್ಲೇಟುಗಳನ್ನು ಗುಜರಿಗೆ ಟೈಟಾನಿಯಂ ದರಕ್ಕೆ ಕೊಡುವ ಮೊದಲು ಲೇಪನ ಎಷ್ಟು ಉಳಿದಿದೆ ಎಂದು ನೋಡಿ, ಒಂದೆರಡು ಕೆ.ಜಿ. ಪುಡಿ ಸೇರಿದ ಮೇಲೆ ಸ್ಯಾಂಪಲ್ ಕಳಿಸಿ ದರ ಕೇಳಿ.